ಕೂಗಿ ಹೇಳುವವನ ಹೊಣೆ: ಒಂದು ಫ್ರೆಂಚ್ ಪತ್ತೇದಾರಿ ಕಾದಂಬರಿಯ ಅಭ್ಯಾಸ



ನಮ್ಮ ಉಚಿತ ವಾಚನಾಲಯದ ಅಭ್ಯಾಸ ಕೂಟದಲ್ಲಿ ತಿಂಗಳಿಗೊಂದು ಪುಸ್ತಕವನ್ನು ಎತ್ತಿಕೊಂಡು, ನಾಲ್ಕು ಭಾನುವಾರ ಅದರ ಮೇಲೆ ಮಾತನಾಡುವ ಪದ್ಧತಿ ತಮಗೆಲ್ಲ ತಿಳಿದದ್ದೇ. ಈ ಸಲದ ಸರದಿ ಪತ್ತೇದಾರಿ ಕಾದಂಬರಿಯದು. ಪತ್ತೇದಾರಿ ಎಂದೊಡನೆ ಕೆಲವರು ಮೂಗು ಮುರಿದರು. ಹೊತ್ತು ಕಳೆಯಲು ಓದುವ ಪುಸ್ತಕಕ್ಕೆ ಅಭ್ಯಾಸವೇನು ಬಂತು ಎಂದು ಕೇಳಿದವರೂ ಉಂಟು. ಆದರೆ ನಮ್ಮ ಹಿರಿಯ ಸದಸ್ಯರಲ್ಲಿ ಎಷ್ಟು ಮಂದಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಓದುವ ಚಟ ಬೆಳೆಸಿಕೊಂಡರು ಎಂಬುದನ್ನು ಅವರೇ ಒಪ್ಪುತ್ತಾರೆ. ಓದುವ ರುಚಿ ಹತ್ತಿಸಿದ ಪುಸ್ತಕವನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ನಾವು ಆರಿಸಿದ್ದು ಫ್ರೆಂಚ್ ಭಾಷೆಯ ಒಂದು ಕಾದಂಬರಿ. ಅದರ ಇಂಗ್ಲಿಷ್ ಅನುವಾದದ ಹಳೆಯ ಪ್ರತಿಯೊಂದು ರಸ್ತೆ ಬದಿಯ ಪುಸ್ತಕದ ಅಂಗಡಿಯಲ್ಲಿ ನಮ್ಮ ಸದಸ್ಯರಿಗೆ ಸಿಕ್ಕಿತು. ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ಒಬ್ಬ ಮಿತ್ರರು ಅದನ್ನು ಓದಿ, ವಾರವಾರವೂ ಒಂದೊಂದು ಭಾಗವನ್ನು ಕನ್ನಡದಲ್ಲಿ ಹೇಳಿದರು. ಇಂಗ್ಲಿಷ್ ಬರುವವರು ನಾಲ್ವರು. ಕೇಳಿದವರು ಇಪ್ಪತ್ತಕ್ಕೂ ಮೇಲೆ. ಹೋಟೆಲಿನ ಹುಡುಗರು, ಕಟ್ಟಡದ ಕೆಲಸದವರು, ಗಿರಣಿಯವರು, ಕಚೇರಿಯವರು, ಎಲ್ಲರೂ ಇದ್ದರು. ಅವರು ಹೇಳಿದ್ದನ್ನೂ ನಮಗೆ ತೋಚಿದ್ದನ್ನೂ ಕೂಡಿಸಿ ಈ ಪಾಠವನ್ನು ಬರೆದಿದ್ದೇವೆ.

ಗ್ರಂಥಕರ್ತೃ

ಪುಸ್ತಕದ ಮೇಲಿರುವ ಹೆಸರು ಫ್ರೆಡ್ ವರ್ಗಾಸ್. ಹೆಸರು ಗಂಡಸಿನದೆಂದು ತೋರಿದರೂ ಬರೆದವರು ಹೆಂಗಸು. ಅವರು 1957ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದರು. ನಿಜವಾದ ಹೆಸರು ಫ್ರೆಡೆರಿಕ್ ಓದ್ವೆ-ರೂಜೋ. 'ವರ್ಗಾಸ್' ಎಂಬುದು 1954ರ ಒಂದು ಅಮೆರಿಕನ್ ಚಲನಚಿತ್ರದ ನಾಯಕಿಯ ಮನೆತನದ ಹೆಸರು. ಲೇಖಕಿಯ ಅವಳಿ ಸೋದರಿ ಚಿತ್ರಕಲಾವಿದೆ. ಆಕೆ ಮೊದಲು ಆ ಹೆಸರನ್ನು ಇಟ್ಟುಕೊಂಡರು, ಈಕೆ ಆಮೇಲೆ.

ಈಕೆ ವೃತ್ತಿಯಿಂದ ಇತಿಹಾಸ ಸಂಶೋಧಕಿ. ಹಳೆಯ ನೆಲದಲ್ಲಿ ಸಿಕ್ಕುವ ಪ್ರಾಣಿಗಳ ಮೂಳೆಗಳನ್ನು ನೋಡಿ, ಆ ಕಾಲದ ಜನ ಹೇಗೆ ಬದುಕಿದರು ಎಂದು ತಿಳಿಯುವ ವಿದ್ಯೆ ಅವರದು. ಇಲಿ, ಚಿಗಟ, ಮನುಷ್ಯ ಈ ಮೂವರ ನಡುವೆ ಪ್ಲೇಗು ಹೇಗೆ ಹಬ್ಬಿತು ಎಂಬುದರ ಮೇಲೆ 2003ರಲ್ಲಿ ಒಂದು ಶಾಸ್ತ್ರಗ್ರಂಥವನ್ನೇ ಪ್ರಕಟಿಸಿದರು. ಸಂಶೋಧನಾಲಯದ ನೌಕರಿಯಲ್ಲಿದ್ದಾಗ ಕಾದಂಬರಿಗಳ ಕರಡನ್ನು ರಜೆಯ ದಿನಗಳಲ್ಲಿ ಬರೆಯುತ್ತಿದ್ದರು. ಹಗಲೆಲ್ಲ ಲೆಕ್ಕದ ಪುಸ್ತಕದ ಮುಂದೆ ಕೂತು ಸಂಜೆ ಇಲ್ಲಿಗೆ ಬರುವ ನಮ್ಮಂಥವರಿಗೆ ಈ ಸಂಗತಿ ಮೆಚ್ಚುಗೆಯಾಯಿತು.

ಈ ಕಾದಂಬರಿ 2001ರಲ್ಲಿ ಹೊರಬಂದಿತು. ಫ್ರಾನ್ಸಿನ ಪುಸ್ತಕ ವ್ಯಾಪಾರಿಗಳು ಕೊಡುವ ಬಹುಮಾನ ಇದಕ್ಕೆ 2002ರಲ್ಲಿ ಬಂತು. ಡೇವಿಡ್ ಬೆಲೋಸ್ ಅವರ ಇಂಗ್ಲಿಷ್ ಅನುವಾದ 2003ರಲ್ಲಿ ಅಚ್ಚಾಯಿತು. 2007ರಲ್ಲಿ ಇದು ಚಲನಚಿತ್ರವೂ ಆಯಿತು. ಫ್ರೆಂಚ್ ಹೆಸರಿನ ಅರ್ಥ 'ಬೇಗ ಹೊರಡು, ತಡವಾಗಿ ಮರಳು' ಎಂದು. ಈ ಹೆಸರಿನ ವಿಚಾರಕ್ಕೆ ಮುಂದೆ ಬರುತ್ತೇವೆ.

ಕಥೆಯ ಆರಂಭ

ಕೊಲೆಗಾರನು ಯಾರೆಂದು ಇಲ್ಲಿ ಹೇಳುವುದಿಲ್ಲ. ಪುಸ್ತಕ ನಮ್ಮ ಕಪಾಟಿನಲ್ಲಿದೆ. ಓದಲಿರುವವರ ಸುಖವನ್ನು ಕೆಡಿಸುವ ಹಕ್ಕು ನಮಗಿಲ್ಲ. ಕಥೆ ಮೊದಲಾಗುವ ಬಗೆಯನ್ನು ಮಾತ್ರ ಹೇಳುತ್ತೇವೆ.

ಪ್ಯಾರಿಸ್ಸಿನ ಮೊಂಪಾರ್ನಾಸ್ ಎಂಬ ಭಾಗದಲ್ಲಿ ಒಂದು ಚೌಕ. ಅಲ್ಲಿ ಜೋಸ್ ಎಂಬವನೊಬ್ಬ ಹಳೆಯ ಕಾಲದ ಉದ್ಯೋಗವೊಂದನ್ನು ಹೊಸದಾಗಿ ಹಿಡಿದಿದ್ದಾನೆ. ಅವನು ಸಾರುವವನು, ನಮ್ಮ ಕಡೆ ಡಂಗುರ ಹೊಯ್ಯುವವನೆಂದು ತಿಳಿಯಿರಿ. ಮೊದಲು ಬ್ರಿಟನಿ ಸೀಮೆಯ ನಾವಿಕನಾಗಿದ್ದ. ಲಡ್ಡಾಗಿದ್ದ ಹಡಗು ಮುಳುಗಿ ಜೊತೆಗಾರರು ಸತ್ತರು. ಹಡಗಿನ ಮಾಲಿಕನನ್ನು ಹೊಡೆದು ಈತ ಸೆರೆಮನೆ ಕಂಡ. ಸಮುದ್ರದ ಕೆಲಸ ಮತ್ತೆ ಸಿಕ್ಕದೆ ಪಟ್ಟಣ ಸೇರಿದ. ಈಗ ಮರಕ್ಕೊಂದು ಪೆಟ್ಟಿಗೆ ತೂಗುಹಾಕಿದ್ದಾನೆ. ಜನ ತಮ್ಮ ಮಾತನ್ನು ಚೀಟಿಯಲ್ಲಿ ಬರೆದು, ಐದು ಫ್ರಾಂಕ್ ಜೊತೆಗಿಟ್ಟು, ಪೆಟ್ಟಿಗೆಗೆ ಹಾಕುತ್ತಾರೆ. ದಿನಕ್ಕೆ ಮೂರು ಸಲ ಅವನು ಎತ್ತರದಲ್ಲಿ ನಿಂತು ಅವನ್ನೆಲ್ಲ ಗಟ್ಟಿಯಾಗಿ ಓದುತ್ತಾನೆ. ಮಾರಾಟಕ್ಕಿರುವ ಸಾಮಾನು, ಪ್ರೇಮದ ಮಾತು, ನೆರೆಮನೆಯವರ ಮೇಲಿನ ಸಿಟ್ಟು, ಎಲ್ಲವೂ ಅದರಲ್ಲಿ ಇರುತ್ತದೆ. ಕೊನೆಗೆ, ಕಡಲೇ ಇಲ್ಲದ ಆ ಊರಿನ ಜನರಿಗೆ ಕಡಲಿನ ಹವಾಮಾನವನ್ನು ಹೇಳಿ, ಹಳೆಯ ಹಡಗು ಮುಳುಗಿದ ಒಂದು ಕಥೆಯನ್ನೂ ಓದುತ್ತಾನೆ. ಜನ ಅದನ್ನೂ ನಿಂತು ಕೇಳುತ್ತಾರೆ!

ಒಂದು ದಿನದಿಂದ ಆ ಪೆಟ್ಟಿಗೆಯಲ್ಲಿ ಬೇರೆ ಬಗೆಯ ಚೀಟಿಗಳು ಬೀಳತೊಡಗುತ್ತವೆ. ಲಕೋಟೆ ದಪ್ಪ, ಹಣವೂ ಹೆಚ್ಚು. ಬರಹವೋ ಹಳೆಯ ಕಾಲದ ಭಾಷೆಯಲ್ಲಿ: ಗಾಳಿ ಕೆಡುವುದು, ಹುಳುಹುಪ್ಪಟೆ ಹೆಚ್ಚುವುದು, ಏನೋ ಕೇಡು ಬರುತ್ತಿದೆ ಎಂಬುದು. ಜೋಸನಿಗೆ ಅರ್ಥವಾಗುವುದಿಲ್ಲ, ಆದರೂ ಓದುತ್ತಾನೆ. ಅದೇ ಚೌಕದಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ ಒಬ್ಬ ಮುದುಕ ಮೇಷ್ಟ್ರಿದ್ದಾನೆ. ಅವನು ಕೇಳಿದ್ದನ್ನು ಬರೆದುಕೊಂಡು, ಇವು ಪ್ಲೇಗಿನ ಮೇಲಿನ ಪ್ರಾಚೀನ ಗ್ರಂಥಗಳಿಂದ ತೆಗೆದ ಮಾತುಗಳೆಂದು ಕಂಡುಹಿಡಿಯುತ್ತಾನೆ. ಅತ್ತ ಪಟ್ಟಣದ ಕೆಲವು ಕಟ್ಟಡಗಳಲ್ಲಿ ರಾತ್ರೋರಾತ್ರಿ ಬಾಗಿಲುಗಳ ಮೇಲೆ ಕಪ್ಪು ಬಣ್ಣದಲ್ಲಿ ತಿರುವುಮುರುವಾದ 4ರ ಅಂಕೆ ಕಾಣಿಸಿಕೊಳ್ಳುತ್ತದೆ. ಕಟ್ಟಡದ ಎಲ್ಲ ಬಾಗಿಲುಗಳ ಮೇಲೂ ಇದೆ, ಒಂದರ ಮೇಲೆ ಮಾತ್ರ ಇಲ್ಲ. ಆಮೇಲೆ ಹೆಣ ಬೀಳುತ್ತದೆ.

ಓದುಗರು ಏನೆಂದರು?

ಮೊದಲ ಭಾನುವಾರ ಬಂದದ್ದು ಬರೀ ದೂರು. "ಇವನೆಂಥ ಪತ್ತೇದಾರ?" ಎಂದು ಕಟ್ಟಡದ ಮೇಸ್ತ್ರಿಯೊಬ್ಬರು ಕೇಳಿದರು. ಪೊಲೀಸ್ ಅಧಿಕಾರಿ ಆದಮ್ಸ್‌ಬರ್ಗ್ ಪಿರನೀಸ್ ಬೆಟ್ಟದ ಸೀಮೆಯವನು. ತನ್ನ ಕೈಕೆಳಗಿನವರ ಹೆಸರೇ ಅವನಿಗೆ ನೆನಪಿರುವುದಿಲ್ಲ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಕ್ರಮವಾಗಿ ಯೋಚಿಸುವುದು ಅವನಿಗೆ ಬಾರದು. ಬೀದಿ ಬೀದಿ ಅಲೆಯುತ್ತಾನೆ, ಕಾಗದದ ಮೇಲೆ ಚಿತ್ರ ಗೀಚುತ್ತಾನೆ. ಅವನ ಸಹಾಯಕ ದಂಗ್ಲಾರ್ ಮಹಾ ವಿದ್ಯಾವಂತ. ಹೆಂಡತಿ ಬಿಟ್ಟುಹೋದ ಮೇಲೆ ಐದು ಮಕ್ಕಳನ್ನು ಒಬ್ಬನೇ ಸಾಕುತ್ತಾನೆ, ದ್ರಾಕ್ಷಾರಸವನ್ನು ಮಿತಿಮೀರಿ ಕುಡಿಯುತ್ತಾನೆ. ಚೌಕದ ಹೋಟೆಲಿನವನಂತೂ ತಾನು ಗುಡುಗಿನ ದೇವರ ವಂಶದವನೆಂದು ಹೇಳಿಕೊಂಡು, ತಾಮ್ರದ ತಗಡನ್ನು ಬಡಿದು ಗಿರಾಕಿಗಳನ್ನು ಊಟಕ್ಕೆ ಕರೆಯುತ್ತಾನೆ. ಇವರಲ್ಲಿ ಒಬ್ಬರೂ ನೆಟ್ಟಗಿಲ್ಲವಲ್ಲ ಎಂಬುದೇ ಎಲ್ಲರ ಆಕ್ಷೇಪಣೆ.

ಎರಡನೆಯ ವಾರದ ಹೊತ್ತಿಗೆ ಮಾತು ಬದಲಾಯಿತು. ಹೋಟೆಲಿನ ಹುಡುಗನೊಬ್ಬ ಹೇಳಿದ್ದು: "ನಮ್ಮ ರೂಮಿನಲ್ಲಿ ಹನ್ನೊಂದು ಜನ ಇದ್ದೇವೆ. ಅಲ್ಲಿ ಯಾರು ನೆಟ್ಟಗಿದ್ದಾರೆ? ಒಬ್ಬ ನಿದ್ದೆಯಲ್ಲಿ ಬಿಲ್ಲು ಕೂಗುತ್ತಾನೆ, ಒಬ್ಬ ಊರಿನ ಬಸ್ಸಿನ ಚೀಟಿಗಳನ್ನೆಲ್ಲ ಕೂಡಿಟ್ಟಿದ್ದಾನೆ." ಎಲ್ಲರೂ ನಕ್ಕರು. ಆದರೆ ಆಗಲೇ ಪುಸ್ತಕದ ಮರ್ಮ ಕೈಗೆ ಸಿಕ್ಕಿತು. ಆ ಚೌಕದವರು ತಮ್ಮ ತಮ್ಮ ಊರು, ಕೆಲಸ, ಮಾನ ಯಾವುದನ್ನೋ ಕಳೆದುಕೊಂಡು ಬಂದು ಒಂದು ಕಡೆ ಸೇರಿದವರು. ಅವರನ್ನು ಒಂದುಗೂಡಿಸಿದ್ದು ದಿನಕ್ಕೆ ಮೂರು ಸಲದ ಆ ಓದು. ನಮ್ಮನ್ನು ಇಲ್ಲಿ ಕೂಡಿಸುವುದೂ ಸಂಜೆ ಏಳು ಗಂಟೆಗೆ ನಡೆಯುವ ಪತ್ರಿಕೆಯ ಓದೇ ಅಲ್ಲವೇ?

ರೋಗದ ವಿಚಾರ

ಕಥೆಯನ್ನು ಅರಿಯಲು ಪ್ಲೇಗಿನ ವಿಷಯವನ್ನು ಸ್ವಲ್ಪ ತಿಳಿದಿರಬೇಕು. ಅದನ್ನು ತರುವ ಸೂಕ್ಷ್ಮಜೀವಿಯನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಗುರುತಿಸಿದರು. ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯನಿಗೆ ಹತ್ತುತ್ತದೆಂದು 1898ರಲ್ಲಿ ಕರಾಚಿಯಲ್ಲಿ ತೋರಿಸಿದವರು ಸಿಮೊನ್ ಎಂಬ ಫ್ರೆಂಚ್ ವೈದ್ಯರು. ಇಲಿ ಸತ್ತರೆ ಚಿಗಟಕ್ಕೆ ಆಹಾರವಿಲ್ಲ. ಅದು ಮನುಷ್ಯನ ಮೈ ಹತ್ತುತ್ತದೆ. ಕಚ್ಚಿದ ಮೇಲೆ ಜ್ವರ. ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಗೆಡ್ಡೆ. ಈಗ ಸಕಾಲಕ್ಕೆ ಔಷಧ ಕೊಟ್ಟರೆ ವಾಸಿಯಾಗುತ್ತದೆ. ಆಗ ಔಷಧವಿರಲಿಲ್ಲ. 1347ರಿಂದ ಐದಾರು ವರ್ಷಗಳಲ್ಲಿ ಯೂರೋಪಿನ ಜನರಲ್ಲಿ ಮೂರರಲ್ಲೊಂದು ಪಾಲಿಗೂ ಕಡಿಮೆಯಿಲ್ಲದಷ್ಟು ಮಂದಿ ಸತ್ತರೆಂದು ಇತಿಹಾಸಕಾರರ ಅಂದಾಜು. ಅದಕ್ಕೆ 'ಕಪ್ಪು ಸಾವು' ಎಂಬ ಹೆಸರು ಬಂದಿದೆ.

ಹೆಸರು ಕೇಳಿದವರು, ಸತ್ತವರ ಮೈಯೆಲ್ಲ ಇದ್ದಿಲಿನಂತೆ ಕಪ್ಪಾಗುತ್ತದೆಂದು ಭಾವಿಸುತ್ತಾರೆ. ಹಾಗಲ್ಲ. ಬೆರಳಿನ ತುದಿ, ಮೂಗಿನ ತುದಿ ಕಪ್ಪಾಗುವುದುಂಟು, ಅಷ್ಟೇ. ಕಾದಂಬರಿಯಲ್ಲಿ ಹೆಣಗಳಿಗೆ ಇದ್ದಿಲು ಬಳಿದಿರುತ್ತದೆ. ವಿಷಯ ಬಲ್ಲವರಿಗೆ ಇದೂ ಒಂದು ಸುಳಿವು. ಸತ್ತವರನ್ನು ಕೊಂದದ್ದು ರೋಗವಲ್ಲ, ಕುತ್ತಿಗೆಗೆ ಬಿದ್ದ ಉರುಳು. ಪ್ಲೇಗು ಇನ್ನೂ ಬಂದಿಲ್ಲ. ಪ್ಲೇಗಿನ ಹೆಸರು ಬಂದಿದೆ. ಆ ಹೆಸರಿಗೇ ಪ್ಯಾರಿಸ್ ಮಹಾನಗರ ನಡುಗುತ್ತದೆ.

ಬಾಗಿಲ ಮೇಲಿನ ಗುರುತು

ಆ 4ರ ಅಂಕೆ ಪ್ಲೇಗನ್ನು ತಡೆಯುವ ರಕ್ಷೆ ಎಂದು ಸುದ್ದಿ ಹಬ್ಬಿದೊಡನೆ, ಯಾರೂ ಬರೆಯದಿದ್ದ ಮನೆಗಳವರು ತಾವೇ ಬಣ್ಣ ತಂದು ಬಾಗಿಲಿಗೆ ಬರೆದುಕೊಳ್ಳುತ್ತಾರೆ. ಇದನ್ನು ಹೇಳಿದಾಗ ನಮ್ಮ ಕೂಟದಲ್ಲಿ ಏಕಕಾಲಕ್ಕೆ ಐದಾರು ಮಂದಿ "ನಾಳೆ ಬಾ!" ಎಂದು ಕೂಗಿದರು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಎಷ್ಟೋ ಊರುಗಳಲ್ಲೂ, ರಾತ್ರಿ ಬಾಗಿಲು ತಟ್ಟುವ ದೆವ್ವ ಬರುತ್ತದೆಂಬ ವದಂತಿಗೆ ಅಂಜಿ ಜನ ಬಾಗಿಲ ಮೇಲೆ ಹಾಗೆ ಬರೆದದ್ದು ಹಲವರಿಗೆ ನೆನಪಿದೆ. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಅದನ್ನೇ ಓದುತ್ತದೆ. ಅಂತೂ ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ವಾಚನಾಲಯದ ಸದಸ್ಯತ್ವ ಕೊಡಬಹುದಿತ್ತು ಎಂದು ಒಬ್ಬರು ತಮಾಷೆ ಮಾಡಿದರು.

ಪ್ಯಾರಿಸ್ಸಿನ ಜನ ನಮಗಿಂತ ಬುದ್ಧಿವಂತರೆಂದಾಗಲಿ ದಡ್ಡರೆಂದಾಗಲಿ ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪಕ್ಕದ ಬಾಗಿಲಿಗೆ ರಕ್ಷೆಯಿದ್ದು ತನ್ನ ಬಾಗಿಲು ಬರಿದಾಗಿದ್ದರೆ ಯಾರಿಗಾದರೂ ನಿದ್ದೆ ಬಾರದು.

ಯಾರು ಬೇಗ ಹೊರಡಬಲ್ಲರು?

ಈಗ ಪುಸ್ತಕದ ಹೆಸರಿಗೆ ಬರೋಣ. ಪ್ಲೇಗಿಗೆ ಯೂರೋಪಿನ ಹಳೆಯ ವೈದ್ಯರು ಹೇಳುತ್ತಿದ್ದ ಮದ್ದು ಲ್ಯಾಟಿನ್ ಭಾಷೆಯ ಮೂರು ಮಾತು: ಬೇಗ ಹೊರಡು, ದೂರ ಹೋಗು, ತಡವಾಗಿ ಮರಳು. ಆ ಮೂರು ಮಾತಿನ ಮೊದಲಕ್ಷರಗಳೂ 4ರ ಜೊತೆಗೆ ಬಾಗಿಲ ಮೇಲೆ ಇರುತ್ತವೆ.

ಮದ್ದು ಸುಳ್ಳಲ್ಲ. ನಮ್ಮ ಹಳ್ಳಿಗಳಲ್ಲಿಯೂ ಇಲಿ ಬಿತ್ತೆಂದರೆ ಊರಿಗೆ ಊರೇ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಹಿರಿಯರು ಹೇಳಿದ್ದನ್ನು ಕೇಳಿದವರು ಕೂಟದಲ್ಲಿ ಇದ್ದರು. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾಕ್ಟರ್ ವಿಯೆಗಾಸ್ ಪ್ಲೇಗನ್ನು ಗುರುತಿಸಿದ ಮೇಲೆ, ಸುಮಾರು 8 ಲಕ್ಷ ಜನರಿದ್ದ ಆ ನಗರವನ್ನು ಲಕ್ಷಗಟ್ಟಲೆ ಮಂದಿ ಬಿಟ್ಟುಹೋದರು. ಗಿರಣಿಗಳಿಗೆ ಆಳು ಸಿಕ್ಕುವುದು ಕಷ್ಟವಾಯಿತು. 1898ರಲ್ಲಿ ಬೆಂಗಳೂರಿಗೂ ಅದು ಬಂತು. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗೆಂಬ ಸುದ್ದಿ ಹರಡಿದಾಗ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು ಬಸ್ಸು ಹತ್ತಿದರು. ಅವರಲ್ಲಿ ಬಹುಮಂದಿ ಹೊರಗಿನಿಂದ ದುಡಿಯಲು ಹೋದವರು.

ಮೂರನೆಯ ಭಾನುವಾರ ಈ ಮಾತು ನಡೆಯುತ್ತಿದ್ದಾಗ, ಕಲಬುರ್ಗಿ ಕಡೆಯ ಒಬ್ಬ ಸಿಮೆಂಟು ಕೆಲಸದವರು ಎದ್ದು ನಿಂತರು. ಅವರು ಕೂಟದಲ್ಲಿ ಮಾತನಾಡಿದ್ದು ಅದೇ ಮೊದಲು. "ಈ ಮದ್ದು ದುಡ್ಡಿದ್ದವರದು. 2020ರಲ್ಲಿ ನಾವು ತಡವಾಗಿ ಹೊರಟೆವು, ಯಾಕಂದರೆ ಮೇಸ್ತ್ರಿ ಕೂಲಿ ಬಾಕಿ ಇಟ್ಟಿದ್ದ. ದೂರ ಹೋದೆವು, ಆದರೆ ಕಾಲ್ನಡಿಗೆಯಲ್ಲಿ. ಮರಳಿದ್ದು ಬೇಗ, ಯಾಕಂದರೆ ಊರಲ್ಲಿ ಸಾಲ ಕಾಯುತ್ತಿತ್ತು" ಎಂದು ಹೇಳಿ ಕುಳಿತುಬಿಟ್ಟರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಪುಸ್ತಕದ ಹೆಸರಿನ ಮೇಲೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾವು ಕೇಳಿಲ್ಲ. ಕಥೆಯಲ್ಲಿಯೂ, ಹೊರಡಲಾರದೆ ಉಳಿದವರೇ ಬಾಗಿಲಿಗೆ ಬಣ್ಣ ಹಚ್ಚುತ್ತಾರೆ.

ನಮ್ಮದೊಂದು ತಪ್ಪು

ಇನ್ನು ಸಾರುವವನ ವಿಷಯ. ಜೋಸ್ ಚೀಟಿಗಳನ್ನೆಲ್ಲ ಮೊದಲು ತಾನು ಓದಿ, ಕೂಗಬಹುದಾದವು, ಕೂಗಬಾರದವು ಎಂದು ಬೇರ್ಪಡಿಸುತ್ತಾನೆ. ಬೈಗುಳ, ಹೊಲಸು ಮಾತು ಇದ್ದರೆ ಪಕ್ಕಕ್ಕಿಡುತ್ತಾನೆ. ಆದರೆ ಆ ದಪ್ಪ ಲಕೋಟೆಯ ಚೀಟಿಗಳಲ್ಲಿ ಒಂದು ಕೆಟ್ಟ ಮಾತೂ ಇಲ್ಲ. ಅರ್ಥವಾಗಲಿಲ್ಲ, ಹಣ ಬಂತು, ಓದಿದ. ಹೀಗೆ ಅವನ ಬಾಯಿಂದಲೇ ಭಯ ಚೌಕಕ್ಕೆ ಇಳಿಯಿತು. ಅವನದು ತಪ್ಪೇ? ಕೂಟದಲ್ಲಿ ಅರ್ಧ ಮಂದಿ ತಪ್ಪೆಂದರು. ಅರ್ಧ ಮಂದಿ, ಅವನು ಬರೆದವನಲ್ಲ, ಓದಿದವನಷ್ಟೇ ಎಂದರು.

ಈ ಪಾಠ ಬರೆಯುತ್ತಿರುವ ನಾವು ಆಗ ಸುಮ್ಮನಿದ್ದೆವು. ಈಗ ಹೇಳುತ್ತೇವೆ. 2020ರ ಏಪ್ರಿಲಿನಲ್ಲಿ ವಾಚನಾಲಯ ಮುಚ್ಚಿತ್ತು, ಗಿರಣಿಯೂ ನಿಂತಿತ್ತು. ನಮ್ಮ ಚಾಳಿನ ಜಗಲಿಯಲ್ಲಿ ಸಂಜೆ ಹೊತ್ತು ನಾವು ಫೋನಿಗೆ ಬಂದ ಸುದ್ದಿಗಳನ್ನು ಓದಿ ಹೇಳುತ್ತಿದ್ದೆವು. ಒಂದು ದಿನ, ಮರುದಿನ ಬೆಳಿಗ್ಗೆ ಕರ್ನಾಟಕದ ಕಡೆಗೆ ವಿಶೇಷ ರೈಲು ಹೊರಡುತ್ತದೆ ಎಂಬ ಸಂದೇಶ ಬಂತು. ಕಳಿಸಿದವರಿಗೆ ಹೇಳಿದವರು ಯಾರೆಂದು ನಾವು ಕೇಳಲಿಲ್ಲ. ಒಳ್ಳೆಯ ಸುದ್ದಿ ಎಂಬ ಉತ್ಸಾಹದಲ್ಲಿ ಎದ್ದು ನಿಂತೇ ಓದಿದೆವು. ಓದು ಬಾರದ ಇಬ್ಬರು, ಗುಮಾಸ್ತರು ಓದಿದ್ದಾರೆಂದರೆ ನಿಜವೇ ಇರಬೇಕೆಂದು ನಂಬಿ, ರಾತ್ರಿಯೇ ಗಂಟು ಕಟ್ಟಿ, ನಸುಕಿನಲ್ಲಿ ನಡೆದು ಹೋದರು. ರೈಲು ಇರಲಿಲ್ಲ. ದಿನವಿಡೀ ಬಿಸಿಲಲ್ಲಿ ಕಾದು, ರಾತ್ರಿ ಹಿಂದಿರುಗಿದರು. ಇದ್ದ ರೊಟ್ಟಿ ಮುಗಿದಿತ್ತು, ಒಬ್ಬರ ಕಾಲು ಬೊಬ್ಬೆಯೆದ್ದಿತ್ತು. ನಾವು ತಪ್ಪಾಯಿತೆಂದಾಗ, "ನಿಮಗೆ ಬಂದದ್ದನ್ನು ನೀವು ಓದಿದಿರಿ, ನಿಮ್ಮದೇನು ತಪ್ಪು?" ಎಂದರು. ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ಓದು ಬಾರದವರ ಎದುರು ಗಟ್ಟಿಯಾಗಿ ಓದುವವನು, ಬರೆದವನ ಹೊಣೆಯಲ್ಲಿ ಒಂದು ಪಾಲನ್ನು ಹೊತ್ತಿರುತ್ತಾನೆ. ಕೇಳುವವರಿಗೆ ಕಾಗದ ಕಾಣುವುದಿಲ್ಲ. ಓದುವವನ ಮುಖ ಕಾಣುತ್ತದೆ. ಅವರು ನಂಬುವುದು ಆ ಮುಖವನ್ನು. ಕಾದಂಬರಿಯ ಮುದುಕ ಮೇಷ್ಟ್ರು ಮಾಡಿದ್ದೇ ಸರಿಯಾದ ದಾರಿ. ಅವನು ಚೀಟಿಯನ್ನು ಹರಿದು ಹಾಕಲಿಲ್ಲ, ಕೇಳಿ ನಡುಗಲೂ ಇಲ್ಲ. ಬರೆದುಕೊಂಡ, ಹಳೆಯ ಪುಸ್ತಕಗಳೊಂದಿಗೆ ಹೋಲಿಸಿ ನೋಡಿದ, ಇದು ಎಲ್ಲಿಂದ ಬಂತೆಂದು ತಿಳಿದ, ಆಮೇಲೆ ಜೋಸನನ್ನು ಕರೆದುಕೊಂಡು ಪೊಲೀಸರ ಬಳಿಗೆ ಹೋದ.

ಪತ್ತೇದಾರಿ ಕಾದಂಬರಿ ಓದುವಾಗ ನಾವೆಲ್ಲರೂ ತಿಳಿಯದೆಯೇ ಈ ಕೆಲಸ ಮಾಡುತ್ತೇವೆ. ಇದನ್ನು ಹೇಳಿದವರು ಯಾರು? ಅವರು ಕಣ್ಣಾರೆ ಕಂಡರೇ, ಕೇಳಿ ಹೇಳಿದರೇ? ಈಗಲೇ ಏಕೆ ಹೇಳಿದರು? ಜನ ಹೆದರಿದರೆ ಲಾಭ ಯಾರಿಗೆ? ಪುಟ ಪುಟಕ್ಕೂ ಹೀಗೆ ಕೇಳಿಕೊಳ್ಳುವವರು, ಪುಸ್ತಕ ಮುಚ್ಚಿದ ಮೇಲೆ ಕೈಯಲ್ಲಿರುವ ಫೋನನ್ನು ಹಾಗೆಯೇ ನಂಬಿಬಿಡುತ್ತೇವೆ. ಆ ಅಭ್ಯಾಸವನ್ನು ಪುಸ್ತಕದಿಂದ ಹೊರಗೂ ತರುವುದಾದರೆ, ಹೊತ್ತು ಕಳೆಯಲು ಓದಿದೆವೆಂದು ಯಾರೂ ನಾಚಬೇಕಾಗಿಲ್ಲ.

ಮುಂದಿನ ಕೂಟಕ್ಕೆ ಪ್ರಶ್ನೆಗಳು

1. ಜೋಸ್ ಆ ಚೀಟಿಗಳನ್ನು ಓದದೆ ಬಿಟ್ಟಿದ್ದರೆ ಕಥೆ ಏನಾಗುತ್ತಿತ್ತು? ಅಪಾಯ ಕಡಿಮೆಯಾಗುತ್ತಿತ್ತೇ, ಮರೆಯಲ್ಲೇ ಉಳಿಯುತ್ತಿತ್ತೇ?

2. ಒಂದು ಬಾಗಿಲನ್ನು ಮಾತ್ರ ಬರಿದಾಗಿ ಬಿಟ್ಟದ್ದೇಕೆ? ಓದಿ ಮುಗಿಸಿದವರು ಉತ್ತರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿರಿ; ಬಾಯಿಬಿಟ್ಟು ಹೇಳಬೇಡಿ.

3. ನಿಮ್ಮ ಊರಿನಲ್ಲಿ ಕೇಡನ್ನು ತಡೆಯಲೆಂದು ಬಾಗಿಲಿಗೆ ಏನು ಕಟ್ಟುತ್ತಿದ್ದರು, ಏನು ಬರೆಯುತ್ತಿದ್ದರು? ಹಿರಿಯರನ್ನು ಕೇಳಿ ಬನ್ನಿ.

ಪುಸ್ತಕವನ್ನು ಹದಿನೈದು ದಿನಗಳ ಮಟ್ಟಿಗೆ ಮನೆಗೆ ಒಯ್ಯಬಹುದು. ಇಂಗ್ಲಿಷ್ ಬಾರದವರಿಗಾಗಿ ಬುಧವಾರ ಮತ್ತು ಶನಿವಾರ ಸಂಜೆ ಕನ್ನಡದಲ್ಲಿ ಹೇಳುವ ಏರ್ಪಾಡು ಮುಂದುವರಿಯುತ್ತದೆ. ಇನ್ನು ಮೇಲೆ ಸಂಜೆಯ ಓದಿನಲ್ಲಿ ಫೋನಿನ ಸುದ್ದಿಯನ್ನು ಓದುವವರು, ಅದು ಬಂದದ್ದು ಎಲ್ಲಿಂದ ಎಂಬುದನ್ನು ಮೊದಲು ಹೇಳಿ ಆಮೇಲೆ ಓದಬೇಕೆಂದು ಕೂಟ ತೀರ್ಮಾನಿಸಿದೆ. ಎಲ್ಲಿಂದ ಎಂದು ತಿಳಿಯದಿದ್ದರೆ ಓದುವುದು ಬೇಡ. ಈ ನಿಯಮವನ್ನು ಮೊದಲು ಪಾಲಿಸಬೇಕಾದವರು ನಾವೇ.